ಲಾಟೂರ್: ಎರಡು ಯಜಮಾನರ ನಡುವಿನ ಯುದ್ಧಮಂತ್ರಿ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತನೇ ಶತಮಾನದ ಆಸ್ಟ್ರಿಯಾದ ಸೇನಾನಿಗಳು ಎಂದ ಕೂಡಲೇ ಇತಿಹಾಸ ಓದುವವರಿಗೆ ನೆನಪಾಗುವುದು ರಾಡೆಟ್‌ಸ್ಕಿ. ಸಂಗೀತ ಕೇಳುವವರಿಗೂ ಆ ಹೆಸರು ಗೊತ್ತು, ಯೊಹಾನ್ ಸ್ಟ್ರಾಸ್‌ನ ಹೆಸರುವಾಸಿ ಮಾರ್ಚ್, ಅಂದರೆ ಸೈನ್ಯದ ನಡಿಗೆಯ ರಾಗ, ಅವನ ಮೇಲೆಯೇ ಕಟ್ಟಿದ್ದು. ನಾನು ಇವತ್ತು ಆರಿಸಿಕೊಂಡಿರುವ ಮನುಷ್ಯ ಅಂಥ ಕೀರ್ತಿಯವನಲ್ಲ. ಥಿಯೋಡೋರ್ ಬಾಯೆ ದ ಲಾಟೂರ್, ಕೌಂಟ್ ಪದವಿಯ ಮನೆತನದವನು. ಅರ್ಧ ಶತಮಾನ ಸೈನ್ಯದಲ್ಲಿದ್ದ, ಕೊನೆಯ ಕೆಲವು ತಿಂಗಳು ಯುದ್ಧಮಂತ್ರಿಯಾಗಿದ್ದ. ಅವನ ಹೆಸರಿನಲ್ಲಿ ದೊಡ್ಡ ಗೆಲುವು ಒಂದೂ ಇಲ್ಲ. ಆದರೂ ಕ್ರಾಂತಿಗಳ ವರ್ಷವಾದ 1848ರ ಯುರೋಪನ್ನು ಅರ್ಥ ಮಾಡಿಕೊಳ್ಳಲು ಹೊರಟವರು ಅವನನ್ನು ದಾಟಿ ಹೋಗಲಾರರು. ಆ ವರ್ಷದಲ್ಲಿ ರಾಜ್ಯಗಳು ಮುಗ್ಗರಿಸಿದ ಪ್ರಶ್ನೆ ಒಂದಿತ್ತು: ಸೈನ್ಯ ಯಾರ ಮಾತು ಕೇಳಬೇಕು, ಅರಮನೆಯದೋ ಜನರು ಆರಿಸಿದ ಸಭೆಯದೋ? ಆ ಪ್ರಶ್ನೆ ಲಾಟೂರ್‌ನ ಮೇಜಿನ ಮೇಲೆ ದಿನವೂ ಬಂದು ಬೀಳುತ್ತಿತ್ತು. ಅವನು ಅದಕ್ಕೆ ಕೊಟ್ಟ ಉತ್ತರವೇ ಅವನ ಜೀವ ತೆಗೆಯಿತು. ಆ ಉತ್ತರ ತಪ್ಪಾಗಿತ್ತು, ಅವನಿಗೆ ಸಿಕ್ಕ ಸಾವು ಅದಕ್ಕಿಂತ ದೊಡ್ಡ ತಪ್ಪಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲು ಮನೆತನದ ವಿಷಯ. ಬಾಯೆ ದ ಲಾಟೂರ್ ಕುಟುಂಬ ಮೂಲತಃ ಇಂದಿನ ಬೆಲ್ಜಿಯಂ, ಲಕ್ಸೆಂಬರ್ಗ್ ಕಡೆಯದು. ಆ ನಾಡು ಆಗ ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ತಂದೆ ಮ್ಯಾಕ್ಸಿಮಿಲಿಯನ್ ಫ್ರೆಂಚ್ ಕ್ರಾಂತಿಯ ವಿರುದ್ಧದ ಯುದ್ಧಗಳಲ್ಲಿ ಹೆಸರಾದ ದಂಡನಾಯಕ. 1796ರಲ್ಲಿ ಬೀಬರಾಖ್ ಎಂಬಲ್ಲಿ ಫ್ರೆಂಚ್ ಸೇನಾನಿ ಮೊರೋನ ಎದುರು ಸೋತರೂ ಅವನ ಮರ್ಯಾದೆಗೆ ಕುಂದು ಬರಲಿಲ್ಲ, ಬದುಕಿನ ಕೊನೆಗೆ ವಿಯೆನ್ನಾದ ರಾಜಸೇನಾ ಮಂಡಳಿಯ ಅಧ್ಯಕ್ಷನಾದ. 1556ರಲ್ಲಿ ಹುಟ್ಟಿದ ಈ ಮಂಡಳಿ ಮೂರು ಶತಮಾನದ ಹತ್ತಿರ ಹತ್ತಿರ ಹ್ಯಾಬ್ಸ್‌ಬರ್ಗ್ ಸೈನ್ಯದ ಕಚೇರಿಯಾಗಿತ್ತು. ಸಂಬಳ, ಬಟ್ಟೆ, ಮದ್ದುಗುಂಡು, ಕೋಟೆ, ಬಡ್ತಿ, ಎಲ್ಲದರ ಕಾಗದಪತ್ರ ಅಲ್ಲೇ ತಯಾರಾಗುತ್ತಿತ್ತು. ಅದು ಉತ್ತರ ಹೇಳಬೇಕಾದದ್ದು ಚಕ್ರವರ್ತಿಯೊಬ್ಬನಿಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಗ ಥಿಯೋಡೋರ್ ಹುಟ್ಟಿದ್ದು 1780ರ ಜೂನ್ 15ರಂದು, ಲಿನ್ಸ್ ನಗರದಲ್ಲಿ. ವಿಯೆನ್ನಾದ ಎಂಜಿನಿಯರಿಂಗ್ ಅಕಾಡೆಮಿಯಲ್ಲಿ ಕಲಿತು ಶತಮಾನದ ಕೊನೆಯ ಹೊತ್ತಿಗೆ ಸೈನ್ಯ ಸೇರಿದ. ನೆಪೋಲಿಯನ್ ಜೊತೆಗಿನ ಯುದ್ಧಗಳ ಕಾಲವನ್ನೆಲ್ಲ ಸಮವಸ್ತ್ರದಲ್ಲೇ ಕಳೆದ. ಆಮೇಲೆ ಬಂದದ್ದು ಮೂವತ್ತು ವರ್ಷಗಳ ಶಾಂತಿ. ಆ ವರ್ಷಗಳನ್ನು ಬೇಗ ದಾಟುತ್ತೇನೆ. ಕೋಟೆ, ಲೆಕ್ಕ, ವರದಿ, ಮೆಲ್ಲಗೆ ಏರುವ ಬಡ್ತಿಗಳ ಬದುಕು ಅದು. ಕೊನೆಗೆ ಫೆಲ್ಡ್‌ಸೋಯ್ಗ್‌ಮೈಸ್ಟರ್ ಹುದ್ದೆ ತಲುಪಿದ. ಫೀಲ್ಡ್ ಮಾರ್ಷಲ್ ಆಗುವವರಿಗೆ ಅದು ಕೊನೆಯ ಹಿಂದಿನ ಮೆಟ್ಟಿಲು. ಅರವತ್ತೇಳು ದಾಟಿದ, ಆಡಳಿತ ಬಲ್ಲ, ರಾಜನಿಷ್ಠ ಹಿರಿಯ ಅಧಿಕಾರಿ. 1848 ಬರದೇ ಇದ್ದಿದ್ದರೆ ಅವನು ಪಿಂಚಣಿ ಪಡೆದು ಹಾಸಿಗೆಯಲ್ಲಿ ಸಾಯುತ್ತಿದ್ದ.

1848 ಬಂತು. ಮಾರ್ಚ್ 13ರಂದು ವಿಯೆನ್ನಾದ ಬೀದಿಯಲ್ಲಿ ವಿದ್ಯಾರ್ಥಿಗಳು, ವಕೀಲರು, ವೈದ್ಯರು, ಕೂಲಿಕಾರರು ಸೇರಿದರು. ಸೈನಿಕರು ಗುಂಡು ಹಾರಿಸಿದರು. ಸಂಜೆಯೊಳಗೆ ಚಾನ್ಸಲರ್ ಮೆಟರ್ನಿಕ್ ರಾಜೀನಾಮೆ ಕೊಟ್ಟು ಹೋದ. ಸಂವಿಧಾನದ ಮಾತು ಬಂತು, ಪತ್ರಿಕೆಗಳಿಗೆ ಹಾಕಿದ್ದ ಕಡಿವಾಣ ಸಡಿಲವಾಯಿತು, ನಾಗರಿಕರ ಕಾವಲು ಪಡೆಯ ಜೊತೆಗೆ ವಿದ್ಯಾರ್ಥಿಗಳ ಸಶಸ್ತ್ರ ದಳವೂ ಹುಟ್ಟಿತು. ಹಳೆಯ ರಾಜಸೇನಾ ಮಂಡಳಿಯ ಜಾಗಕ್ಕೆ ಯುದ್ಧ ಸಚಿವಾಲಯ ಬಂತು. ಮೊದಲ ಯುದ್ಧಮಂತ್ರಿ ಪೀಟರ್ ಝನಿನಿ ಬೇಗ ಪಕ್ಕಕ್ಕೆ ಸರಿದ. ಆ ಕುರ್ಚಿಗೆ ಬಂದವನು ಲಾಟೂರ್.

ಇಲ್ಲಿ ಸ್ವಲ್ಪ ನಿಲ್ಲೋಣ, ಇಡೀ ಕತೆಯ ಕೀಲಿ ಇಲ್ಲಿದೆ. ಕಟ್ಟಡ ಅದೇ. ವಿಯೆನ್ನಾದ ಒಳಪಟ್ಟಣದ ಅಮ್ ಹೋಫ್ ಚೌಕದಲ್ಲಿ, ಹಿಂದೆ ಜೆಸ್ಯುಯಿಟ್ ಪಾದ್ರಿಗಳದಾಗಿದ್ದ ದೊಡ್ಡ ಮನೆ. ಪಕ್ಕದ ಚರ್ಚಿನ ಮೇಲುಪ್ಪರಿಗೆಯಿಂದಲೇ 1806ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯ ಮುಗಿಯಿತೆಂದು ಸಾರಿದ್ದರು. ಗುಮಾಸ್ತರು ಅವರೇ, ಕಡತಗಳೂ ಅವೇ. ತಂದೆ ಯಾವ ಕಚೇರಿಯ ಮುಖ್ಯಸ್ಥನಾಗಿದ್ದನೋ ಆ ಕಚೇರಿಗೇ ಮಗ ಬಂದು ಕುಳಿತ. ಆದರೆ ಹುದ್ದೆ ಮಾತ್ರ ಬೇರೆಯದಾಗಿತ್ತು. ಈಗ ಅವನು ಸಂವಿಧಾನಬದ್ಧ ಸಂಪುಟದ ಸದಸ್ಯ. ಚುನಾಯಿತ ಸಭೆ ಸೇರಿದ ಮೇಲೆ ಅದರ ಎದುರು ಎದ್ದು ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕಾದವನು. ತಾನು ಮಂಡಳಿಯ ಅಧ್ಯಕ್ಷನಲ್ಲ, ಜವಾಬ್ದಾರಿ ಹೊತ್ತ ಮಂತ್ರಿ ಎಂಬುದನ್ನು ಲಾಟೂರ್ ಒಳಗಿನಿಂದ ಎಂದೂ ಒಪ್ಪಿಕೊಂಡಂತೆ ನನಗೆ ಕಾಣುವುದಿಲ್ಲ.

ಅವನ ಮುಂದಿದ್ದ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಮಾರ್ಚ್ 18ರಿಂದ 22ರವರೆಗೆ ಐದು ದಿನದ ಬೀದಿ ಕಾಳಗದಲ್ಲಿ, ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಇಟಲಿಯ ಮಿಲಾನ್ ಜನ ರಾಡೆಟ್‌ಸ್ಕಿಯ ಸೈನ್ಯವನ್ನು ಹೊರಗಟ್ಟಿದ್ದರು. ಪಕ್ಕದ ಇಟಾಲಿಯನ್ ರಾಜ್ಯ ಪೀಡ್‌ಮಾಂಟ್‌ನ ದೊರೆ ಕಾರ್ಲೊ ಆಲ್ಬೆರ್ಟೊ ಯುದ್ಧ ಸಾರಿದ್ದ. ವೆನಿಸ್ ಗಣರಾಜ್ಯವಾಗಿತ್ತು. ಹಂಗೆರಿ ತನ್ನದೇ ಸಂಪುಟ, ತನ್ನದೇ ಯುದ್ಧಮಂತ್ರಿಯನ್ನು ಪಡೆದಿತ್ತು. ಚಕ್ರವರ್ತಿ ಫರ್ಡಿನಾಂಡ್ ಮೂರ್ಛೆರೋಗದ, ದುರ್ಬಲ ಮನುಷ್ಯ. ಮೇ ತಿಂಗಳಲ್ಲಿ ವಿಯೆನ್ನಾದ ಗದ್ದಲಕ್ಕೆ ಹೆದರಿ ಆಸ್ಥಾನವನ್ನೇ ಇನ್ಸ್‌ಬ್ರುಕ್‌ಗೆ ಎತ್ತಿಕೊಂಡು ಹೋದರು. ಮಂತ್ರಿಗಳು ಒಂದೂರಲ್ಲಿ, ದೊರೆ ಇನ್ನೊಂದೂರಲ್ಲಿ. ಮಿಲಾನ್ ಇರುವ ಲೊಂಬಾರ್ಡಿ ಪ್ರಾಂತ್ಯವನ್ನು ಬಿಟ್ಟುಕೊಟ್ಟಾದರೂ ಶಾಂತಿ ಕೊಳ್ಳೋಣವೇ ಎಂದು ಸರ್ಕಾರದಲ್ಲೇ ಯೋಚಿಸುತ್ತಿದ್ದ ದಿನಗಳು ಅವು. ಕದನವಿರಾಮಕ್ಕೆ ಪ್ರಯತ್ನಿಸು ಎಂಬ ಸೂಚನೆ ಬಂದಾಗ ರಾಡೆಟ್‌ಸ್ಕಿ ಅದನ್ನು ಪಾಲಿಸದೆ, ಫೆಲಿಕ್ಸ್ ಶ್ವಾರ್ಟ್‌ಸೆನ್‌ಬರ್ಗ್‌ನನ್ನು ಇನ್ಸ್‌ಬ್ರುಕ್‌ಗೆ ಕಳಿಸಿ ವಾದ ಮಾಡಿಸಿದ. ಲಾಟೂರ್‌ನ ಒಲವು ಮೊದಲಿನಿಂದಲೂ ರಣರಂಗದಲ್ಲಿದ್ದ ಸೈನ್ಯದ ಕಡೆಗೇ. ಖಾಲಿ ಖಜಾನೆಯಿಂದ ಹಣ ಹೊಂದಿಸಿ, ಆಳು ಕೂಡಿಸಿ ಇಟಲಿಗೆ ಕಳಿಸುವ ಕೆಲಸ ಅವನ ಸಚಿವಾಲಯದ್ದಾಗಿತ್ತು. ಜುಲೈ 25ರಂದು ಕುಸ್ಟೋಝಾದಲ್ಲಿ ರಾಡೆಟ್‌ಸ್ಕಿ ಗೆದ್ದ, ಆಗಸ್ಟ್ 6ರಂದು ಮಿಲಾನ್‌ಗೆ ಮರಳಿದ. ಗೆದ್ದವನು ಮುದುಕ ಮಾರ್ಷಲ್. ಆ ಗೆಲುವಿಗೆ ಅನ್ನ, ಮದ್ದು ಒದಗಿಸಿದ ಕಚೇರಿಯ ಮೇಲೆ ಯಾರೂ ಮಾರ್ಚ್ ಕಟ್ಟಲಿಲ್ಲ.

ಇಟಲಿಯ ವಿಷಯದಲ್ಲಿ ಲಾಟೂರ್‌ನ ಕೆಲಸ ಬಹಿರಂಗವಾಗಿತ್ತು. ಅದನ್ನು ಒಪ್ಪದವರೂ ಅದನ್ನು ಯುದ್ಧಮಂತ್ರಿಯ ಕೆಲಸವೆಂದೇ ತಿಳಿದಿದ್ದರು. ಅವನ ಕೊರಳಿಗೆ ಸುತ್ತಿಕೊಂಡದ್ದು ಹಂಗೆರಿ.

ಏಪ್ರಿಲ್ 11ರಂದು ಫರ್ಡಿನಾಂಡ್ ಹಂಗೆರಿಯ ದೊರೆಯಾಗಿ ಅಲ್ಲಿಯ ಹೊಸ ಕಾನೂನುಗಳಿಗೆ ಒಪ್ಪಿಗೆ ಹಾಕಿದ್ದ. ಲಾಯೋಶ್ ಬಾಟ್ಯಾನಿಯ ಸಂಪುಟ ಕಾನೂನುಬದ್ಧ ಸರ್ಕಾರವಾಗಿತ್ತು. ಅದೇ ವೇಳೆಗೆ ಕ್ರೊಯೇಷಿಯಾದಲ್ಲಿ ಯೋಸಿಪ್ ಯೆಲಾಚಿಚ್ ಎಂಬ ಗಡಿಸೇನೆಯ ಕರ್ನಲ್‌ನನ್ನು ಬಾನ್, ಅಂದರೆ ಪ್ರಾಂತ್ಯದ ಮುಖ್ಯಸ್ಥ, ಎಂದು ನೇಮಿಸಿದ್ದರು. ಅವನು ಹಂಗೆರಿಯ ಸರ್ಕಾರವನ್ನು ಒಪ್ಪಲಿಲ್ಲ. ಕ್ರೊಯೇಷಿಯಾದ ಜನರಿಗೆ ಹಂಗೆರಿಯವರ ಮೇಲೆ ನಿಜವಾದ ದೂರುಗಳಿದ್ದವು. ತಮ್ಮ ಭಾಷೆಗೆ ಸ್ವಾತಂತ್ರ್ಯ ಬೇಕೆಂದು ಹೋರಾಡಿದ ಮಡ್ಯಾರರು, ಅಂದರೆ ಹಂಗೆರಿಯನ್ ಭಾಷಿಕರು, ಕ್ರೋಟರ, ಸರ್ಬರ, ರೊಮೇನಿಯನ್ನರ ಭಾಷೆಗೆ ಅದೇ ಮರ್ಯಾದೆ ಕೊಡಲು ಸಿದ್ಧರಿರಲಿಲ್ಲ. ಈ ಮಾತನ್ನು ಹಂಗೆರಿಯ ಕ್ರಾಂತಿಯನ್ನು ಪ್ರೀತಿಸುವವರೂ ಒಪ್ಪಬೇಕು. ಆದರೆ ಯೆಲಾಚಿಚ್ ಬರಿಯ ಕ್ರೋಟ್ ನಾಯಕನಾಗಿರಲಿಲ್ಲ, ಚಕ್ರವರ್ತಿಯ ಸೇನಾನಿಯೂ ಹೌದು. ಜೂನ್ 10ರಂದು ಹಂಗೆರಿಯವರ ಒತ್ತಾಯಕ್ಕೆ ಚಕ್ರವರ್ತಿ ಅವನನ್ನು ಅಧಿಕಾರದಿಂದ ತೆಗೆದುಹಾಕಿದ. ಸೆಪ್ಟೆಂಬರ್ 4ರಂದು ಅದೇ ಚಕ್ರವರ್ತಿ ಮತ್ತೆ ಕೂರಿಸಿದ.

ನಡುವಿನ ಮೂರು ತಿಂಗಳು, ಕಾಗದದ ಮೇಲೆ ಪದಚ್ಯುತನಾಗಿದ್ದ ಈ ಮನುಷ್ಯನಿಗೆ ವಿಯೆನ್ನಾದ ಯುದ್ಧ ಸಚಿವಾಲಯದಿಂದ ಹಣ, ಸಾಮಗ್ರಿ ಗುಟ್ಟಾಗಿ ಹೋಗುತ್ತಿತ್ತು. ಸರ್ಕಾರ ಹೊರಗೆ ಹೇಳುತ್ತಿದ್ದದ್ದು ಬೇರೆ: ಇದು ಹಂಗೆರಿ, ಕ್ರೊಯೇಷಿಯಾಗಳ ನಡುವಿನ ಜಗಳ, ನಾವು ತಟಸ್ಥರು. ಲಾಟೂರ್ ಪರವಾಗಿ ವಾದಿಸುವವರು ಒಂದು ಮಾತು ಹೇಳಬಹುದು. ಕ್ರೊಯೇಷಿಯಾದ ಗಡಿ ರೆಜಿಮೆಂಟುಗಳು ಸಾಮ್ರಾಜ್ಯದ ಸೈನ್ಯದ ಭಾಗ, ಅವಕ್ಕೆ ಸಂಬಳ, ಬಂದೂಕು ಕೊಡುವುದು ಯುದ್ಧಮಂತ್ರಿಯ ಕರ್ತವ್ಯ. ಕಾನೂನಿನ ದೃಷ್ಟಿಯಿಂದ ಈ ಮಾತಿಗೆ ತೂಕವಿದೆ. ಹಾಗಾದರೆ ಅದನ್ನು ಸಂಸತ್ತಿನಲ್ಲಿ ಎದ್ದು ನಿಂತು ಹೇಳಬಹುದಿತ್ತಲ್ಲ? ಜುಲೈ 22ರಿಂದ ಚಕ್ರವರ್ತಿಯ ಕುದುರೆ ಸವಾರಿ ಶಾಲೆಯ ವಿಶಾಲ ಸಭಾಂಗಣದಲ್ಲಿ ಚುನಾಯಿತ ಸಂಸತ್ತು ಸೇರುತ್ತಿತ್ತು. ಅಲ್ಲಿ ರೈತ ಪ್ರತಿನಿಧಿಗಳಿದ್ದರು. ಹಾನ್ಸ್ ಕುಡ್ಲಿಖ್ ಎಂಬ ಯುವಕನ ಠರಾವಿನ ಫಲವಾಗಿ ಸೆಪ್ಟೆಂಬರ್ 7ರಂದು ಜೀತದ ಭೂಸಂಬಂಧವನ್ನೇ ರದ್ದು ಮಾಡಿದ ಸಭೆ ಅದು. ಆ ವರ್ಷದ ಕೆಲಸಗಳಲ್ಲಿ ಹಿಂದಕ್ಕೆ ಹೋಗದೆ ಉಳಿದದ್ದು ಅದೊಂದೇ ದೊಡ್ಡದು. ಅಷ್ಟು ಗಂಭೀರವಾದ ಸಭೆಯನ್ನು ನಂಬಿ ಮಾತಾಡಲು ಲಾಟೂರ್ ಸಿದ್ಧನಿರಲಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತವನ ಸ್ಥಿತಿ ಅವನದು. ನೀರು ಶಾಂತವಿದ್ದಾಗ ನಿಲ್ಲಬಹುದು, ದೋಣಿಗಳು ದೂರ ಸರಿಯತೊಡಗಿದರೆ ಮುಗಿಯಿತು.

ಸೆಪ್ಟೆಂಬರ್ 11ರಂದು ಯೆಲಾಚಿಚ್ ದ್ರಾವಾ ನದಿ ದಾಟಿ ಹಂಗೆರಿಯ ಮೇಲೆ ದಂಡೆತ್ತಿ ಬಂದ. ಹಂಗೆರಿಯ ನಿಯೋಗವೊಂದು ವಿಯೆನ್ನಾದ ಸಂಸತ್ತಿನ ಬಾಗಿಲಿಗೆ ಬಂದಾಗ ಬಹುಮತ ಅದನ್ನು ಒಳಗೆ ಬಿಡಲಿಲ್ಲ. ಸೆಪ್ಟೆಂಬರ್ 28ರಂದು, ಹಂಗೆರಿಯ ಸೈನ್ಯಗಳ ದಂಡನಾಯಕನೆಂದು ಆಸ್ಥಾನ ಕಳಿಸಿದ ಕೌಂಟ್ ಲಾಂಬರ್ಗ್‌ನನ್ನು ಪೆಸ್ಟ್‌ನ ದೋಣಿ ಸೇತುವೆಯ ಮೇಲೆ ಗುಂಪು ಕೊಂದು ಹಾಕಿತು. ಮರುದಿನ ಪಾಕೊಝ್ಡ್ ಬಳಿ ಹಂಗೆರಿಯ ಪಡೆ ಯೆಲಾಚಿಚ್‌ನನ್ನು ತಡೆಯಿತು. ಅವನು ವಿಯೆನ್ನಾ ಕಡೆಗೆ ಹಿಮ್ಮೆಟ್ಟಿದ. ಅಷ್ಟರಲ್ಲಿ ಅವನು ಲಾಟೂರ್‌ಗೆ ಬರೆದ ಪತ್ರಗಳು ಹಂಗೆರಿಯವರ ಕೈಗೆ ಸಿಕ್ಕಿದ್ದವು, ಅಚ್ಚಾಗಿ ವಿಯೆನ್ನಾದ ಜನರ ಕೈ ಸೇರಿದವು. ತಟಸ್ಥರು ಎಂಬ ಮಾತು ಸುಳ್ಳೆಂದು ಮಂತ್ರಿಯ ಸ್ನೇಹಿತನೇ ಬರೆದುಕೊಟ್ಟ ಹಾಗಾಯಿತು. ಅಕ್ಟೋಬರ್ 3ರ ಘೋಷಣೆಯಲ್ಲಿ ಚಕ್ರವರ್ತಿ ಹಂಗೆರಿಯ ಸಂಸತ್ತನ್ನು ವಿಸರ್ಜಿಸಿ, ಆ ದೇಶವನ್ನು ಯೆಲಾಚಿಚ್‌ನ ಕೈಗೊಪ್ಪಿಸಿದ.

ಈ ಭಾಗಕ್ಕೆ ಬಂದಾಗ ಸಭೆಯಲ್ಲಿ ಒಬ್ಬರು ಕೇಳಿದರು: ವಿಯೆನ್ನಾದ ಜನರಿಗೆ ಹಂಗೆರಿಯ ಮೇಲೆ ಅಷ್ಟು ಮಮತೆ ಏಕೆ? ಒಳ್ಳೆಯ ಪ್ರಶ್ನೆ. ಮಮತೆಗಿಂತ ಹೆಚ್ಚಾಗಿ ಅದು ಭಯ. ಹಂಗೆರಿಯನ್ನು ಮಣಿಸಿದ ಸೈನ್ಯ ಆಮೇಲೆ ತಮ್ಮ ಕಡೆಗೇ ತಿರುಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಜೂನ್‌ನಲ್ಲಿ ಚಕ್ರವರ್ತಿಯ ಸೇನಾನಿ ವಿಂಡಿಶ್‌ಗ್ರೆಟ್ಸ್ ಪ್ರಾಗ್ ನಗರವನ್ನು ತೋಪುಗಳಿಂದ ಅಡಗಿಸಿದ್ದನ್ನು ನೋಡಿದ್ದರು. ಆಗಸ್ಟ್‌ನಲ್ಲಿ ಕೂಲಿ ಕಡಿತದ ವಿರುದ್ಧ ಬೀದಿಗಿಳಿದ ಕಾರ್ಮಿಕರ ಮೇಲೆ ವಿಯೆನ್ನಾದಲ್ಲೇ ಗುಂಡು ಹಾರಿತ್ತು. ಅವರ ಭಯ ಸುಳ್ಳಾಗಲಿಲ್ಲ.

ಅಕ್ಟೋಬರ್ 6, ಶುಕ್ರವಾರ. ಯೆಲಾಚಿಚ್‌ಗೆ ಬೆಂಬಲವಾಗಿ ವಿಯೆನ್ನಾದ ಪಡೆಗಳನ್ನು ಕಳಿಸಲು ಲಾಟೂರ್ ಆಜ್ಞೆ ಕೊಟ್ಟಿದ್ದ. ಅವುಗಳಲ್ಲಿ ಗುಂಪೆನ್‌ಡಾರ್ಫ್ ಬಡಾವಣೆಯ ಬ್ಯಾರಕ್ಕಿನಲ್ಲಿದ್ದ ರಿಕ್ಟರ್ ಗ್ರೆನೇಡಿಯರ್ ಬೆಟಾಲಿಯನ್ ಒಂದು. ಆ ಸೈನಿಕರು ಊರಿನವರ ಜೊತೆ ಕುಡಿದು, ಉಂಡು, ಮಾತಾಡಿ ಅವರಲ್ಲೊಬ್ಬರಾಗಿದ್ದರು. ಬೆಳಗ್ಗೆ ಅವರನ್ನು ರೈಲು ನಿಲ್ದಾಣದ ಕಡೆ ನಡೆಸಿಕೊಂಡು ಹೊರಟಾಗ ಜನ ಅಡ್ಡ ನಿಂತರು, ಹಳಿ ಕಿತ್ತರು, ಡ್ಯಾನ್ಯೂಬ್ ಮೇಲಿನ ಟಾಬೋರ್ ಸೇತುವೆಯ ಹಲಗೆಗಳನ್ನು ಎಬ್ಬಿಸಿದರು. ಬೆಟಾಲಿಯನ್ನಿನ ಸೈನಿಕರು ಜನರ ಕಡೆ ಸೇರಿದರು. ಅವರನ್ನು ಬಗ್ಗಿಸಲು ಇನ್ನೊಂದು ಪಡೆಯೊಂದಿಗೆ ಬಂದ ಜನರಲ್ ಬ್ರೆಡಿ ಕಾಳಗದಲ್ಲಿ ಸತ್ತ. ತೋಪುಗಳು ಜನರ ವಶವಾದವು. ಮಧ್ಯಾಹ್ನದ ಹೊತ್ತಿಗೆ ಒಳಪಟ್ಟಣದಲ್ಲಿ, ಸಂತ ಸ್ಟೀಫನ್ ಕೆಥೆಡ್ರಲ್‌ನ ಆವರಣದಲ್ಲೇ, ನಾಗರಿಕ ಕಾವಲು ಪಡೆಯ ಎರಡು ಬಣಗಳು ಪರಸ್ಪರ ಗುಂಡು ಹಾರಿಸಿಕೊಂಡವು.

ಮಂತ್ರಿಗಳು ಸೇರಿದ್ದದ್ದು ಅಮ್ ಹೋಫ್‌ನ ಯುದ್ಧ ಸಚಿವಾಲಯದಲ್ಲಿ. ಗುಂಪು ಅಲ್ಲಿಗೆ ಬಂತು. ಎಲ್ಲೆಡೆ ಗುಂಡು ಹಾರಿಸುವುದನ್ನು ನಿಲ್ಲಿಸಬೇಕೆಂದು ಲಾಟೂರ್ ಲಿಖಿತ ಆಜ್ಞೆ ಕೊಟ್ಟ. ನನಗೆ ಅವನ ಬದುಕಿನಲ್ಲಿ ಅತ್ಯಂತ ಗೌರವ ಹುಟ್ಟಿಸುವ ಕಾಗದ ಅದು. ಹೋರಾಡಿ ತನ್ನನ್ನು ಉಳಿಸಿಕೊಳ್ಳುವ ದಾರಿಯನ್ನು ಅದರಿಂದ ಅವನೇ ಮುಚ್ಚಿಕೊಂಡ. ನ್ಯಾಯಮಂತ್ರಿ ಅಲೆಕ್ಸಾಂಡರ್ ಬಾಖ್ ತಪ್ಪಿಸಿಕೊಂಡ. ಮುಂದೆ ಹತ್ತು ವರ್ಷ ನಿರಂಕುಶ ಆಡಳಿತದ ಮುಖವಾದವನು ಅವನೇ. ಸಂಸತ್ತು ಕೆಲವು ಸದಸ್ಯರನ್ನು ಓಡೋಡಿ ಕಳಿಸಿತು: ಗಲೀಷಿಯಾದ ವಕೀಲ ಫ್ರಾನ್ಸಿಶೆಕ್ ಸ್ಮೋಲ್ಕಾ, ಪ್ರಾಗ್‌ನ ಬೊರೋಶ್, ವೈದ್ಯ ಅಡಾಲ್ಫ್ ಫಿಶ್‌ಹೋಫ್, ರಸಾಯನಶಾಸ್ತ್ರ ಬಲ್ಲ ಯೋಸೆಫ್ ಗೋಲ್ಡ್‌ಮಾರ್ಕ್. ಸ್ಮೋಲ್ಕಾನನ್ನು ಮೂರು ವರ್ಷ ಹಿಂದೆ ಇದೇ ರಾಜ್ಯ ಪಿತೂರಿಯ ಆರೋಪದ ಮೇಲೆ ಮರಣದಂಡನೆಗೆ ಗುರಿಮಾಡಿ ಆಮೇಲೆ ಕ್ಷಮಿಸಿತ್ತು. ಮಾರ್ಚ್ 13ರಂದು ಮೊದಲ ಭಾಷಣ ಮಾಡಿ ಕ್ರಾಂತಿಗೆ ದನಿ ಕೊಟ್ಟವನು ಫಿಶ್‌ಹೋಫ್. ಯಾರ ವಿರುದ್ಧ ಬದುಕಿಡೀ ಹೋರಾಡಿದ್ದರೋ ಆ ವ್ಯವಸ್ಥೆಯ ಮಂತ್ರಿಯ ಪ್ರಾಣ ಉಳಿಸಲು ಈ ಮನುಷ್ಯರು ತಮ್ಮ ಮೈಯನ್ನು ಅಡ್ಡ ಇಟ್ಟರು. ಕ್ರಾಂತಿಯನ್ನು ಅಳೆಯುವಾಗ ಕೊಂದವರ ಜೊತೆ ಇವರನ್ನೂ ಎಣಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಲಾಟೂರ್ ಸಮವಸ್ತ್ರ ತೆಗೆದು ಸಾದಾ ಉಡುಪು ಹಾಕಿ ಕಟ್ಟಡದೊಳಗೆ ಅಡಗಿದ್ದ. ರಾಜೀನಾಮೆ ಕೊಟ್ಟರೆ ಜನ ತಣ್ಣಗಾದಾರು ಎಂದು ಅವನಿಂದ ಬರೆಸಿಕೊಂಡರು. ಆ ಹೊತ್ತಿನಲ್ಲೂ ಅವನು ಬರೆದದ್ದು, ಚಕ್ರವರ್ತಿಯ ಒಪ್ಪಿಗೆ ಇದ್ದಲ್ಲಿ ಹುದ್ದೆ ಬಿಡಲು ಸಿದ್ಧ ಎಂಬ ಅರ್ಥದ ಮಾತು. ತನ್ನನ್ನು ಕೂರಿಸಿದವನು ದೊರೆ, ಇಳಿಸಬೇಕಾದವನೂ ದೊರೆಯೇ ಎಂಬ ನಂಬಿಕೆ ಬಾಗಿಲು ಒಡೆಯುವ ಸದ್ದಿನ ನಡುವೆಯೂ ಅಲುಗಲಿಲ್ಲ. ಕೊನೆಗೆ ಗುಂಪು ಅವನನ್ನು ಕಂಡಿತು. ಪ್ರತಿನಿಧಿಗಳು ಸುತ್ತ ನಿಂತು ಕೆಳಗೆ ಕರೆತರುತ್ತಿದ್ದಾಗ ಸುತ್ತಿಗೆ, ಬಯನೆಟ್ಟುಗಳ ಏಟು ಬಿದ್ದವು. ಅರವತ್ತೆಂಟರ ಮುದುಕನನ್ನು ಕೊಂದು, ಚೌಕದ ದೀಪದ ಕಂಬಕ್ಕೆ ನೇತುಹಾಕಿದರು. ಅಲ್ಲಿಂದ ಗುಂಪು ಆಯುಧಾಗಾರಕ್ಕೆ ನುಗ್ಗಿತು. ರಾತ್ರಿಯಿಡೀ ಕಾದಾಟ ನಡೆದು ಮರುದಿನ ಬೆಳಗ್ಗೆ ಬಂದೂಕುಗಳು ಜನರ ಕೈಗೆ ಬಂದವು.

ಈ ಕೊಲೆಯನ್ನು ಕ್ರಾಂತಿಯ ಹೆಸರಿನಲ್ಲಿ ಸಮರ್ಥಿಸುವವರನ್ನು ನಾನು ಓದಿದ್ದೇನೆ, ಒಪ್ಪಲಾರೆ. ಲಾಟೂರ್ ಸಂಸತ್ತಿಗೆ ಸುಳ್ಳು ಮುಖ ತೋರಿಸಿದ್ದಕ್ಕೆ ಸಂಸತ್ತಿನ ಎದುರು ನಿಲ್ಲಬೇಕಿತ್ತು. ಪತ್ರಗಳು ಕೈಯಲ್ಲಿದ್ದವು, ಪ್ರಶ್ನೆ ಕೇಳುವ ಸಭೆಯಿತ್ತು. ಒಬ್ಬ ಮಂತ್ರಿಯನ್ನು ಆ ನಾಡಿನಲ್ಲಿ ಮೊದಲ ಬಾರಿ ಜನಪ್ರತಿನಿಧಿಗಳು ವಿಚಾರಿಸುವ ಅವಕಾಶ ಆ ಸಂಜೆ ಸತ್ತಿತು. ಲಾಭವಾದದ್ದು ಅರಮನೆಗೆ. ಮರುದಿನವೇ ಆಸ್ಥಾನ ಶೋನ್‌ಬ್ರುನ್ ಬಿಟ್ಟು ಮೊರಾವಿಯಾದ ಓಲ್ಮ್ಯೂಟ್ಸ್‌ಗೆ ಹೊರಟಿತು. ಇನ್ನು ಕೈ ಕಟ್ಟಿ ಕೂರುವ ಕಾರಣ ಅದಕ್ಕಿರಲಿಲ್ಲ. ವಿಂಡಿಶ್‌ಗ್ರೆಟ್ಸ್, ಯೆಲಾಚಿಚ್ ಇಬ್ಬರೂ ವಿಯೆನ್ನಾವನ್ನು ಮುತ್ತಿದರು. ಅಕ್ಟೋಬರ್ 30ರಂದು ನೆರವಿಗೆ ಬಂದ ಹಂಗೆರಿಯ ಪಡೆ ಶ್ವೆಕಾಟ್‌ನಲ್ಲಿ ಸೋತಿತು, 31ರಂದು ಪಟ್ಟಣ ಬಿತ್ತು. ಕಾವಲು ಪಡೆಯ ನಾಯಕ ಮೆಸ್ಸೆನ್‌ಹೌಸರ್‌ನನ್ನು ಗುಂಡಿಟ್ಟು ಕೊಂದರು. ಜರ್ಮನ್ ನಾಡುಗಳ ಪ್ರತಿನಿಧಿಗಳು ಸೇರಿದ್ದ ಫ್ರಾಂಕ್‌ಫರ್ಟ್ ಸಂಸತ್ತಿನ ಸದಸ್ಯ ರೊಬೆರ್ಟ್ ಬ್ಲೂಮ್‌ಗೆ, ಸದಸ್ಯತ್ವದ ರಕ್ಷಣೆ ಇದ್ದರೂ, ನವೆಂಬರ್ 9ರಂದು ಅದೇ ಗತಿ. ಡಿಸೆಂಬರ್ 2ರಂದು ಫರ್ಡಿನಾಂಡ್ ಸಿಂಹಾಸನ ಬಿಟ್ಟ, ಹದಿನೆಂಟರ ಫ್ರಾನ್ಸ್ ಜೋಸೆಫ್ ಏರಿದ. ಕ್ರೆಮ್ಸಿಯರ್ ಎಂಬ ಊರಿಗೆ ಸಾಗಹಾಕಿದ್ದ ಸಂಸತ್ತನ್ನು 1849ರ ಮಾರ್ಚ್‌ನಲ್ಲಿ ಸೈನಿಕರನ್ನು ನಿಲ್ಲಿಸಿ ಮುಚ್ಚಿದರು.

ಸೇಡು ಅಷ್ಟಕ್ಕೇ ತೀರಲಿಲ್ಲ. ರಷ್ಯಾದ ನೆರವಿನಿಂದ ಹಂಗೆರಿಯನ್ನು ಬಗ್ಗಿಸಿದ ಮೇಲೆ ಜನರಲ್ ಹೈನೌ ಅರಾದ್ ಕೋಟೆಯಲ್ಲಿ ಹಂಗೆರಿಯ ಹದಿಮೂರು ಸೇನಾಧಿಕಾರಿಗಳನ್ನು ಒಂದೇ ದಿನ ಕೊಲ್ಲಿಸಿದ. ನಾಲ್ವರಿಗೆ ಗುಂಡು, ಒಂಬತ್ತು ಮಂದಿಗೆ ನೇಣು. ಅದೇ ದಿನ ಪೆಸ್ಟ್‌ನಲ್ಲಿ ಬಾಟ್ಯಾನಿಯನ್ನೂ ಗುಂಡಿಟ್ಟು ಕೊಂದರು. ದಿನಾಂಕ 1849ರ ಅಕ್ಟೋಬರ್ 6, ಲಾಟೂರ್ ಸತ್ತು ಸರಿಯಾಗಿ ಒಂದು ವರ್ಷ. ಹದಿಮೂರು ಮಂದಿಯಲ್ಲಿ ಒಬ್ಬ ಲಾಯೋಶ್ ಔಲಿಕ್, ಕ್ರಾಂತಿಕಾರಿ ಹಂಗೆರಿಯ ಕೊನೆಯ ಯುದ್ಧಮಂತ್ರಿ. ಆ ದಿನ ಹಂಗೆರಿಯಲ್ಲಿ ಇಂದಿಗೂ ರಾಷ್ಟ್ರೀಯ ಶೋಕದಿನ. ಅರಾದ್‌ನ ಹೆಸರು ಅಲ್ಲಿಯ ಶಾಲೆಯ ಮಕ್ಕಳಿಗೆ ಗೊತ್ತು, ದಿನಾಂಕದ ಹಿಂದಿರುವ ಲಾಟೂರ್‌ನ ಹೆಸರು ಎಷ್ಟು ಜನಕ್ಕೆ ಗೊತ್ತೋ.

ಯುದ್ಧ ಸಚಿವಾಲಯಕ್ಕೆ ಏನಾಯಿತು? 1853ರಲ್ಲಿ ಫ್ರಾನ್ಸ್ ಜೋಸೆಫ್ ಅದನ್ನೇ ತೆಗೆದುಹಾಕಿ, ತನ್ನ ನೇರ ಕೈಕೆಳಗಿನ ಸೇನಾ ಮಹಾಕಮಾಂಡ್ ಒಂದನ್ನು ಮಾಡಿದ. ಯಾರಿಗೂ ಉತ್ತರಿಸಬೇಕಿಲ್ಲದ ಆ ವ್ಯವಸ್ಥೆ 1859ರಲ್ಲಿ ಮಜೆಂಟಾ, ಸೋಲ್ಫೆರಿನೊಗಳಲ್ಲಿ ಸೋತಿತು. ಅಲ್ಲಿ ಮಜೆಂಟಾದ ಸೇನಾಪತಿ ಜ್ಯೂಲಾಯಿ, 1849–50ರಲ್ಲಿ ತಾನೇ ಯುದ್ಧಮಂತ್ರಿಯಾಗಿದ್ದವನು. ಮರುವರ್ಷ ಸಚಿವಾಲಯವನ್ನು ಮತ್ತೆ ತೆರೆಯಬೇಕಾಯಿತು. 1868ರಲ್ಲಿ ಬಂದ ಯುದ್ಧಮಂತ್ರಿ ಫ್ರಾನ್ಸ್ ಕೂನ್ ಕಡ್ಡಾಯ ಸೇನಾಸೇವೆಯ ಕಾಲದಲ್ಲಿ, ವಿಯೆನ್ನಾ ಮತ್ತು ಬುಡಾಪೆಸ್ಟ್ ಸಂಸತ್ತುಗಳ ನಿಯೋಗಗಳ ಎದುರು ಹಣಕ್ಕಾಗಿ ವಾದ ಮಾಡಬೇಕಾಯಿತು. ಲಾಟೂರ್ ತಪ್ಪಿಸಿಕೊಂಡ ಪ್ರಶ್ನೆಗಳನ್ನು ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಜನರಲ್ ಎದುರಿಸಿದ. ಸೈನ್ಯದ ಮೇಲಿನ ಅಧಿಪತ್ಯವನ್ನು ಮಾತ್ರ ಚಕ್ರವರ್ತಿ ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಅವನನ್ನು ಉಳಿಸಲು ಹೋದವರ ಕತೆಯನ್ನು ಹೇಳದೆ ಮುಗಿಸಲಾರೆ. ಸ್ಮೋಲ್ಕಾ ಕೆಲವೇ ದಿನಗಳಲ್ಲಿ ಸಂಸತ್ತಿನ ಅಧ್ಯಕ್ಷನಾದ. ದಶಕಗಳ ನಂತರ, 1881ರಿಂದ 1893ರವರೆಗೆ, ಆಸ್ಟ್ರಿಯಾದ ಪ್ರತಿನಿಧಿ ಸಭೆಯ ಅಧ್ಯಕ್ಷ ಪೀಠದಲ್ಲೂ ಕುಳಿತ. ಫಿಶ್‌ಹೋಫ್‌ನನ್ನು ರಾಜದ್ರೋಹ, ಲಾಟೂರ್ ಕೊಲೆಯಲ್ಲಿ ಕೈವಾಡ ಎಂದು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟು, ಸಾಕ್ಷ್ಯವಿಲ್ಲದೆ ಬಿಟ್ಟರು. ಗೋಲ್ಡ್‌ಮಾರ್ಕ್ ದೇಶ ಬಿಟ್ಟು ಅಮೆರಿಕ ಸೇರಿದ. ಬ್ರೂಕ್ಲಿನ್‌ನಲ್ಲಿ ಅವನು ನಡೆಸಿದ ಕಾರ್ಖಾನೆಯ, ಬಂದೂಕಿನ ಮದ್ದು ಹೊತ್ತಿಸುವ ಕ್ಯಾಪ್‌ಗಳು ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಹೋದವು. 1856ರಲ್ಲಿ ಆಸ್ಟ್ರಿಯಾದ ನ್ಯಾಯಾಲಯ, ಲಾಟೂರ್‌ನನ್ನು ಕೊಲ್ಲಿಸಿದವರಲ್ಲಿ ಅವನೊಬ್ಬನೆಂದು ತೀರ್ಮಾನಿಸಿ, ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತ್ತು. ಅಮೆರಿಕದಲ್ಲಿ ನೆಮ್ಮದಿಯಾಗಿದ್ದ, ಸಿರಿವಂತನಾಗಿದ್ದ ಮನುಷ್ಯ ಆ ಕಳಂಕವನ್ನು ಹಾಗೇ ಬಿಡಲಿಲ್ಲ. 1860ರ ದಶಕದ ಕೊನೆಗೆ ಸ್ವಂತ ಇಚ್ಛೆಯಿಂದ ವಿಯೆನ್ನಾಗೆ ಮರಳಿ ಮರುವಿಚಾರಣೆ ಕೇಳಿದ. ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು.